ಕರಿಬೇವಿನ ಹುಳಕ್ಕೆ ವಿಷ ಬೇಡ

ಏಪ್ರಿಲ್ ತಿಂಗಳ ಬಿಸಿಲಿಗೆ ಅಡಿಕೆ ತೋಟ ಬಾಡಿದರೂ ಬಾವಿಕಟ್ಟೆಯ ಬಳಿಯ ಒಂದೆಲಗ, ದೊಡ್ಡಪತ್ರೆ ಹಸಿರಾಗಿಯೇ ಇರುತ್ತವೆ. ಒಂದೆಲಗವನ್ನು ಜೀರಿಗೆ, ತೆಂಗಿನಕಾಯಿಯೊಂದಿಗೆ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ ಸಿದ್ಧ. ಮಧ್ಯಾಹ್ನದ ಊಟಕ್ಕೆ ತಂಪು. ದಾಸವಾಳ, ಕೇಪಳದ ಹೂಗಳಿಗೆ ಸೂರಕ್ಕಿಗಳೂ ಚಿಟ್ಟೆಗಳೂ ಬರುತ್ತವೆ.

ಅದೇ ಹಿತ್ತಿಲಿನ ಕರಿಬೇವಿನ ಗಿಡದಲ್ಲಿ ಹುಳ ಕಂಡೊಡನೆ ನಾವು ವಿಷದ ಬಾಟಲಿ ಹುಡುಕುತ್ತೇವೆ. ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು, ಬೆಳೆದಂತೆ ಹಸಿರಾಗುವ ಆ ಹುಳವೇ ಮುಂದೆ ದೊಡ್ಡ ಕಪ್ಪು ಚಿಟ್ಟೆಯಾಗುತ್ತದೆ. ಅದು ಎಲೆ ತಿಂದರೂ ಬೆಳೆದ ಗಿಡ ಮತ್ತೆ ಚಿಗುರುತ್ತದೆ. ಗಿಡ ಸಣ್ಣದಾದರೆ ಹುಳಗಳನ್ನು ಹೆಕ್ಕಿ ದೊಡ್ಡ ಗಿಡಕ್ಕೆ ಬಿಟ್ಟರಾಯಿತು. ವಿಷ ಸಿಂಪಡಿಸಿದರೆ ಅದೇ ಎಲೆ ನಾಳೆ ನಮ್ಮ ಒಗ್ಗರಣೆಗೆ ಬೀಳುತ್ತದೆ.

ಕಾಸರಗೋಡಿನ ನಮಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. 2000ನೇ ಇಸವಿಯವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಬಾವಿ, ಹಿತ್ತಿಲುಗಳಿಗೂ ಬಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ನೋವು ಮಾತ್ರ ಇನ್ನೂ ಹಲವು ಮನೆಗಳಲ್ಲಿದೆ.

ಆದುದರಿಂದ ಈ ಬೇಸಗೆಯಲ್ಲಿ ವಿಷದ ಬಾಟಲಿಯನ್ನು ಹಿತ್ತಿಲಿನಿಂದ ದೂರವಿಡೋಣ. ನೆರಳಿನಲ್ಲೊಂದು ಮಣ್ಣಿನ ತಟ್ಟೆಯಿಟ್ಟು ಹಕ್ಕಿಗಳಿಗೆ ನೀರು ತುಂಬಿಸೋಣ. ಸೊಳ್ಳೆಯಾಗದಂತೆ ದಿನಾಲೂ ಬದಲಾಯಿಸೋಣ.