ಗಣಕದೊಳಗಿನ ಶ್ರೀಕೃಷ್ಣಮೂರ್ತಿ

ಒಂದು ಕಡೆ ಹಿಂಜವಡಿಯ ತಂತ್ರಾಂಶ ಕಾರ್ಯಾಲಯಗಳೂ ಇನ್ನೊಂದು ಕಡೆ ತಲೆಮಾರುಗಳಿಂದ ಮರಾಠಿಯ ನಡುವೆ ಕನ್ನಡವನ್ನು ಉಳಿಸಿಕೊಂಡು ಬಂದ ಕುಟುಂಬಗಳೂ ನೆಲೆಸಿರುವ ಪುಣೆಯಲ್ಲಿ, ಸಂಘವೊಂದರ ಸದಸ್ಯರ ಹೆಸರುಗಳನ್ನು ಬರೆದಿಟ್ಟು, ಹುಡುಕಿ, ಅಚ್ಚು ತೆಗೆದುಕೊಡುವ ಚಿಕ್ಕದೊಂದು ಡೆಸ್ಕ್‌ಟಾಪ್ ಪ್ರೋಗ್ರಾಂ ಬೇಕಾಗುವುದೂ, ಅದನ್ನು ರಚಿಸುವ ಭಾರ ಯಾವನಾದರೊಬ್ಬ ತರುಣ ಇಂಜಿನಿಯರನ ಮೇಲೆ ಬೀಳುವುದೂ ಸಹಜವಾದ ಸಂಗತಿ. ಇಂಗ್ಲಿಷಿನಲ್ಲಿ ಬರೆದ ಹೆಸರುಗಳೊಡನೆ ಪರೀಕ್ಷಿಸಿದಾಗ ನಿರ್ದುಷ್ಟವಾಗಿ ನಡೆದ ಆ ಪ್ರೋಗ್ರಾಂ, ಶ್ರೀಕೃಷ್ಣಮೂರ್ತಿ ಎಂಬ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟೊಡನೆ ತಬ್ಬಿಬ್ಬಾಗಿ, ಒಂದು ಕಡೆ ಪ್ರಶ್ನಾರ್ಥಕ ಚಿಹ್ನೆಗಳನ್ನೂ, ಇನ್ನೊಂದು ಕಡೆ ಬರಿಯ ಚೌಕಗಳನ್ನೂ, ಮತ್ತೊಂದು ಕಡೆ ಯಾವ ಭಾಷೆಗೂ ಸೇರದ ಲ್ಯಾಟಿನ್ ಅಕ್ಷರಗಳ ಸಾಲನ್ನೂ ತೋರತೊಡಗುತ್ತದೆ. ನೋಡುವವನಿಗೆ ಇವೆಲ್ಲವೂ ಬಗೆಬಗೆಯ ವ್ಯಾಧಿಗಳಾಗಿ ಕಂಡರೂ ಇವುಗಳ ಮೂಲ ಒಂದೇ: ಕಣ್ಣಿಗೆ ಒಂದಾಗಿ ಕಾಣುವ ಅಕ್ಷರವು ಯಂತ್ರದ ಸ್ಮರಣೆಯಲ್ಲಿಯೂ ಒಂದೇ ಆಗಿರುವುದೆಂಬ ನಂಬಿಕೆ. ಇಂಗ್ಲಿಷಿನ ಮಟ್ಟಿಗೆ ಈ ನಂಬಿಕೆ ಬಹುಪಾಲು ಹಾನಿಯಿಲ್ಲದ್ದು. ನಮ್ಮ ಲಿಪಿಗಳ ಮಟ್ಟಿಗೆ ಅದು ಹೆಜ್ಜೆಹೆಜ್ಜೆಗೂ ದಾರಿ ತಪ್ಪಿಸತಕ್ಕದ್ದು.

ಗಣಕವು ಅಕ್ಷರವನ್ನು ಅರಿಯದು, ಅಂಕೆಯನ್ನು ಮಾತ್ರ ಅರಿಯುವುದು. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ ಮೀಸಲಾದ ಸ್ಥಾನಗಳು, ನಮ್ಮ ದಶಮಾನ ಪದ್ಧತಿಯಲ್ಲಿ ಹೇಳುವುದಾದರೆ, 3200ರಿಂದ 3327ರವರೆಗಿನ 128. ಇವುಗಳಲ್ಲಿ ಕಕಾರಕ್ಕೆ 3221, ರಕಾರಕ್ಕೆ 3248, ಅಕಾರವನ್ನು ಕಳೆದು ವ್ಯಂಜನವನ್ನು ಹಲಂತವಾಗಿಸುವ ಚಿಹ್ನೆಗೆ 3277. ಒತ್ತಕ್ಷರಗಳಿಗೆ ಪ್ರತ್ಯೇಕವಾದ ಅಂಕೆಗಳಿಲ್ಲ. ‘ಷ್ಣ’ ಎಂಬುದು ಷಕಾರ, ಹಲಂತಚಿಹ್ನೆ, ಣಕಾರ ಎಂಬ ಮೂರು ಅಂಕೆಗಳ ಸಾಲು. ಹೀಗೆ ಎಣಿಸಿದರೆ, ಓದುಗನು ಐದು ಅಕ್ಷರಗಳೆಂದು ಹೇಳುವ ಶ್ರೀಕೃಷ್ಣಮೂರ್ತಿಯು ಸ್ಮರಣೆಯಲ್ಲಿ 15 ಸಂಕೇತಗಳಾಗಿ ನಿಲ್ಲುತ್ತದೆ. ಆ 15 ಸಂಕೇತಗಳನ್ನು ಕಡತದಲ್ಲಿ ಬರೆಯುವಾಗ, 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬುವರು ರೂಪಿಸಿದ ಯುಟಿಎಫ್-8 ವಿಧಾನದಲ್ಲಿ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ತಗಲುವುದರಿಂದ ಒಟ್ಟು 45 ಬೈಟುಗಳಾಗುತ್ತವೆ. ಐದು, ಹದಿನೈದು, ನಲವತ್ತೈದು: ಒಂದೇ ಹೆಸರಿಗೆ ಮೂರು ಉದ್ದಗಳು, ಮೂರೂ ಸತ್ಯವಾದವು. ಇವುಗಳಲ್ಲಿ ಯಾವುದನ್ನು ಎಲ್ಲಿ ಕೇಳಬೇಕೆಂಬ ವಿವೇಕವೇ ಇಲ್ಲಿನ ದೋಷನಿವಾರಣೆಯ ಅರ್ಧಭಾಗವೆಂದು ನನ್ನ ದೃಢವಾದ ಅಭಿಪ್ರಾಯ.

ಹೆಸರಿನ ಅಂಕಣಕ್ಕೆ 40 ಬೈಟುಗಳು ಸಾಕೆಂದು ಪ್ರೋಗ್ರಾಂ ಬರೆದವನು ನಿಶ್ಚಯಿಸಿದನೆಂದು ಇಟ್ಟುಕೊಳ್ಳೋಣ. ಇಂಗ್ಲಿಷ್ ಹೆಸರುಗಳಿಗೆ ಅದು ಧಾರಾಳವಾದ ಅಳತೆ. ಆದರೆ ನಮ್ಮ ಶ್ರೀಕೃಷ್ಣಮೂರ್ತಿಯ ಮೊದಲ 13 ಸಂಕೇತಗಳು 39 ಬೈಟುಗಳನ್ನು ಆಕ್ರಮಿಸಿ, ಹದಿನಾಲ್ಕನೆಯದಾದ ತಕಾರದ ಮೂರು ಬೈಟುಗಳಲ್ಲಿ ಒಂದು ಮಾತ್ರ ಒಳಗೆ ಸೇರಿ, ಉಳಿದೆರಡು ಹೊರಗುಳಿಯುವುದರಿಂದ, ಮರಳಿ ಓದಿದಾಗ ‘ಶ್ರೀಕೃಷ್ಣಮೂರ್’ ಎಂಬ ಮೊಂಡು ಹೆಸರೂ ಅದರ ಬಾಲದಲ್ಲಿ ಪ್ರಶ್ನಾರ್ಥಕವನ್ನು ಹೊತ್ತ ಕರಿಯ ವಜ್ರಾಕೃತಿಯೊಂದೂ ಕಾಣಿಸಿಕೊಳ್ಳುತ್ತವೆ. ಆ ವಜ್ರಾಕೃತಿ ಕಂಡರೆ, ಯಾರೋ ಸಂಕೇತವೊಂದರ ನಡುವೆ ಕತ್ತರಿ ಆಡಿಸಿರಬಹುದೆಂದು ಶಂಕಿಸಬೇಕು. ಬೈಟುಗಳ ಬದಲು ಸಂಕೇತಗಳನ್ನೆಣಿಸಿ ಕತ್ತರಿಸಿದರೂ ಹೆಸರು ರಕಾರದ ಹಲಂತದಲ್ಲಿಯೇ ನಿಂತುಬಿಡುವ ಸಂಭವ ತಪ್ಪದು. ಕತ್ತರಿಸಲೇಬೇಕಾಗಿದ್ದರೆ ಅಕ್ಷರದ ಎಲ್ಲೆಯಲ್ಲಿ ಕತ್ತರಿಸಬೇಕು; ಕತ್ತರಿಸದೆ ಅಂಕಣವನ್ನೇ ಹಿಗ್ಗಿಸುವುದು ಇನ್ನೂ ಉತ್ತಮ.

ಅಕ್ಷರದ ಎಲ್ಲೆಯನ್ನು ಗಣಕಕ್ಕೆ ತಿಳಿಸುವ ನಿಯಮಗಳನ್ನು ಯೂನಿಕೋಡಿನವರೇ ಪ್ರಕಟಿಸಿರುವರಾದರೂ, ಅವುಗಳ ಸಾಮಾನ್ಯ ರೂಪದಲ್ಲಿ ಒತ್ತಕ್ಷರವು ಹಲಂತದ ಬಳಿ ಒಡೆದುಹೋಗಿ, ಶ್ರೀಕೃಷ್ಣಮೂರ್ತಿಯು ಐದಕ್ಕೆ ಬದಲಾಗಿ ಎಂಟು ತುಂಡುಗಳಾಗುತ್ತದೆ. 2023ರ 15.1ನೆಯ ಆವೃತ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ ಈ ನ್ಯೂನತೆಯನ್ನು ತಿದ್ದಿದಾಗ ಕನ್ನಡ ಆ ಪಟ್ಟಿಯಲ್ಲಿ ಸೇರಲಿಲ್ಲ. ಆದುದರಿಂದ ಪುಣೆಯ ಇಂಜಿನಿಯರನು ಮರಾಠಿ ಹೆಸರುಗಳನ್ನು ಪರೀಕ್ಷಿಸಿ ಸರಿಯಾಗಿದೆಯೆಂದು ತೃಪ್ತಿಪಟ್ಟುಕೊಂಡರೆ ಕನ್ನಡಕ್ಕೂ ಅದೇ ಫಲ ದೊರೆಯುವುದೆಂಬ ಭರವಸೆಯಿಲ್ಲ.

ಇನ್ನು ಮೊದಲು ಹೇಳಿದ ಮೂರು ಲಕ್ಷಣಗಳು. ವೈದ್ಯನು ನಾಡಿ ಹಿಡಿದು ರೋಗವನ್ನು ಬೇರ್ಪಡಿಸುವಂತೆ ಇವನ್ನು ಬೇರ್ಪಡಿಸಿ ನೋಡಬೇಕು. ಬರಿಯ ಚೌಕಗಳು ಕಂಡರೆ ಗಾಬರಿ ಬೇಡ. ಅಂಕೆಗಳೆಲ್ಲ ಕ್ಷೇಮವಾಗಿವೆ, ಆ ಫಾಂಟಿನಲ್ಲಿ ಕನ್ನಡದ ರೂಪಗಳಿಲ್ಲ ಅಷ್ಟೆ. ತಲೆಯ ಮೇಲೆ ಓರೆಗೆರೆಯುಳ್ಳ ಲ್ಯಾಟಿನ್ ‘ಎ’ ಅಕ್ಷರವೂ ಅದರ ಬೆನ್ನಿಗೆ ಎತ್ತರದಲ್ಲಿ ಬರೆದ ಚಿಕ್ಕ 2 ಅಥವಾ 3 ಎಂಬ ಅಂಕೆಯೂ ಮರಳಿ ಮರಳಿ ಬರುತ್ತಿದ್ದರೆ, ಯುಟಿಎಫ್-8ರಲ್ಲಿ ಬರೆದ ಕನ್ನಡವನ್ನು ಪಶ್ಚಿಮ ಯೂರೋಪಿನ ಹಳೆಯ ಸಂಕೇತಪಟ್ಟಿಯ ಮೂಲಕ ಓದಲಾಗುತ್ತಿದೆಯೆಂದು ನಿಸ್ಸಂದೇಹವಾಗಿ ಹೇಳಬಹುದು. ಏಕೆಂದರೆ ಕನ್ನಡದ ಪ್ರತಿಯೊಂದು ಸಂಕೇತದ ಮೊದಲ ಬೈಟು ಆ ಪಟ್ಟಿಯಲ್ಲಿ ಅದೇ ‘ಎ’ಗೆ ಸಲ್ಲುವುದು, ಎರಡನೆಯ ಬೈಟು ವ್ಯಂಜನವಾದರೆ 2ಕ್ಕೂ ಹಲಂತಚಿಹ್ನೆಯಾದರೆ 3ಕ್ಕೂ ಸಲ್ಲುವುದು. ಇಲ್ಲಿಯೂ ಏನೂ ನಷ್ಟವಾಗಿಲ್ಲ, ಸರಿಯಾದ ವಿಧಾನದಿಂದ ಮತ್ತೆ ಓದಿದರೆ ಹೆಸರು ಹಿಂದಿರುಗುವುದು. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾತ್ರ ಅನಾಹುತದ ಗುರುತು. ಕನ್ನಡವೇ ಇಲ್ಲದ ಹಳೆಯ ಪಟ್ಟಿಯೊಂದಕ್ಕೆ ಹೆಸರನ್ನು ಬಲವಂತವಾಗಿ ಪರಿವರ್ತಿಸಿದಾಗ, ಸ್ಥಾನ ದೊರೆಯದ 15 ಸಂಕೇತಗಳ ಜಾಗದಲ್ಲಿ ಯಂತ್ರವು 15 ಪ್ರಶ್ನಾರ್ಥಕಗಳನ್ನು ಬರೆದಿಟ್ಟಿರುತ್ತದೆ. ಮೂಲ ಅಳಿದುಹೋಗಿದೆ, ಯಾವ ಚಿಕಿತ್ಸೆಯಿಂದಲೂ ಅದು ಮರಳದು. ವಿಂಡೋಸ್ ವ್ಯವಸ್ಥೆಯ ಹಳೆಯ ಸಂಕೇತಪಟ್ಟಿಗಳನ್ನು ಅವಲಂಬಿಸಿ ಬರೆದ ಪ್ರೋಗ್ರಾಮುಗಳಲ್ಲಿ ಈ ಅನಾಹುತ ಬಹು ಸಾಮಾನ್ಯವಾಗಿತ್ತು. 2019ರ ವಿಂಡೋಸ್ 10ರ ಆವೃತ್ತಿಯಿಂದ ಈಚೆಗೆ, ತನಗೆ ಯುಟಿಎಫ್-8 ಬೇಕೆಂದು ಪ್ರೋಗ್ರಾಂ ತಾನೇ ಘೋಷಿಸಿಕೊಳ್ಳುವ ಅನುಕೂಲ ಒದಗಿದೆ. ಆದರೂ ಕಡತವನ್ನು ತೆರೆಯುವ ಪ್ರತಿಯೊಂದು ಎಡೆಯಲ್ಲಿ ಸಂಕೇತವಿಧಾನವನ್ನು ಬಾಯಿಬಿಟ್ಟು ಹೇಳುವುದೇ ಕ್ಷೇಮಕರವಾದ ಅಭ್ಯಾಸ.

ಭಾರತೀಯ ಲಿಪಿಗಳಿಗೆ ಗಣಕದಲ್ಲಿ ಸ್ಥಾನ ದೊರಕಿಸುವ ಉದ್ಯಮದಲ್ಲಿ ಪುಣೆಯದು ಸಣ್ಣ ಪಾತ್ರವಲ್ಲ. 1988ರಲ್ಲಿ ಅಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯ ಹೆಸರು ಹೇಳಿದೊಡನೆ ಜನರು 1991ರ ಪರಂ 8000 ಮಹಾಗಣಕವನ್ನು ನೆನೆಯುವರು. ನಾನಾದರೋ, ಕಾನ್ಪುರದ ಐಐಟಿಯಲ್ಲಿ ಮೊಳೆತು, ಮೋಹನ್ ತಾಂಬೆ ಮೊದಲಾದವರೊಡನೆ ಪುಣೆಗೆ ಬಂದು ಬಲಿತ ಜಿಸ್ಟ್ ತಂತ್ರಜ್ಞಾನಕ್ಕೆ ಅದಕ್ಕಿಂತ ಕಡಿಮೆಯಲ್ಲದ ಗೌರವ ಸಲ್ಲಬೇಕೆಂದು ಭಾವಿಸುತ್ತೇನೆ. ಪರ್ಸನಲ್ ಕಂಪ್ಯೂಟರಿನೊಳಗೆ ಜಿಸ್ಟ್ ಕಾರ್ಡೊಂದನ್ನು ಸೇರಿಸಿದರೆ ಇಂಗ್ಲಿಷಿಗಾಗಿ ಬರೆದ ಹಳೆಯ ಪ್ರೋಗ್ರಾಮುಗಳಲ್ಲಿಯೂ ಭಾರತೀಯ ಲಿಪಿಗಳು ಮೂಡುತ್ತಿದ್ದುವು. ಅದರ ಹಿಂದಿದ್ದ ಸಂಕೇತವ್ಯವಸ್ಥೆ ಇಸ್ಕಿ; 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದನ್ನು ರಾಷ್ಟ್ರೀಯ ಮಾನಕವಾಗಿ ಅಂಗೀಕರಿಸಿತು. ನಮ್ಮ ಲಿಪಿಗಳೆಲ್ಲ ಬ್ರಾಹ್ಮಿಯ ಸಂತಾನವಾಗಿರುವುದರಿಂದ ಸಮಾನವಾದ ವರ್ಣಕ್ಕೆ ಸಮಾನವಾದ ಅಂಕೆ ಸಾಕೆಂಬುದು ಇಸ್ಕಿಯ ಮೂಲಸೂತ್ರ: 179 ಎಂಬುದು ಕನ್ನಡದಲ್ಲಿಯೂ ಕಕಾರ, ದೇವನಾಗರಿಯಲ್ಲಿಯೂ ಕಕಾರ, ತಮಿಳಿನಲ್ಲಿಯೂ ಕಕಾರ. ಲಿಪಿಯನ್ನು ಬದಲಿಸಿದರೆ ಸಾಕು, ಮರಾಠಿಯಲ್ಲಿ ಬರೆದ ಹೆಸರು ಕನ್ನಡದಲ್ಲಿ ಮೂಡುತ್ತಿತ್ತು. ಪಾಣಿನಿಯ ನಾಡಿಗೆ ಒಪ್ಪುವ ಆಲೋಚನೆಯೆಂದೇ ಅದನ್ನು ಹೇಳಬೇಕು. ಯೂನಿಕೋಡ್ ಒಂದೊಂದು ಲಿಪಿಗೂ ಬೇರೆಬೇರೆ ಸ್ಥಾನಗಳನ್ನು ಕೊಟ್ಟಿತಾದರೂ, ವರ್ಣಗಳ ಅನುಕ್ರಮವನ್ನು ಇಸ್ಕಿಯ 1988ರ ರೂಪದಿಂದಲೇ ತೆಗೆದುಕೊಂಡಿತು.

ಈ ಪರಂಪರೆಯಿಂದ ಬಂದ ಒಂದು ತೊಡಕು ಇಂದಿಗೂ ನಮ್ಮ ಪಟ್ಟಿಗಳನ್ನು ಕಾಡುತ್ತಿದೆ. ಎಲ್ಲ ಲಿಪಿಗಳಿಗೂ ಸಲ್ಲುವ ಸಮಾನವಾದ ಸಾಲಿನಲ್ಲಿ ಳಕಾರವು ಲಕಾರದ ಪಕ್ಕದಲ್ಲಿ ಕುಳಿತಿದೆ: ಲ 3250, ಳ 3251, ವ 3253, ಹ 3257. ನಮ್ಮ ವರ್ಣಮಾಲೆಯಲ್ಲಿ ಳಕಾರದ ಸ್ಥಾನ ಹಕಾರದ ಅನಂತರ, ಮರಾಠಿಯಲ್ಲಿಯೂ ಹಾಗೆಯೇ. ಅಂಕೆಗಳನ್ನಷ್ಟೇ ಹೋಲಿಸಿ ಹೆಸರುಗಳನ್ನು ಜೋಡಿಸುವ ಪ್ರೋಗ್ರಾಂ ಕಲೆ, ಕಳೆ, ಕವಿ ಎಂದು ಸಾಲಿಡುತ್ತದೆ. ಶಬ್ದಕೋಶವಾದರೋ ಕಲೆ, ಕವಿ, ಕಳೆ ಎಂದು ಸಾಲಿಡುವುದು. ಹತ್ತು ಹೆಸರುಗಳ ಪಟ್ಟಿಯಲ್ಲಿ ಇದು ಗೋಚರಿಸದು; ಸಾವಿರ ಹೆಸರುಗಳ ಪಟ್ಟಿಯಲ್ಲಿ, ಇರಬೇಕಾದೆಡೆಯಲ್ಲಿ ಹೆಸರು ಸಿಗದೆ, ಸದಸ್ಯನೇ ಅಲ್ಲವೆಂದು ಒಬ್ಬನನ್ನು ಹಿಂದಕ್ಕೆ ಕಳುಹಿಸುವ ಪ್ರಸಂಗವೂ ಬರಬಹುದು. ಭಾಷೆಯ ಕ್ರಮವನ್ನು ಬಲ್ಲ ಹೋಲಿಕೆಯ ಸಾಧನಗಳು ಇಂದಿನ ಎಲ್ಲ ಪ್ರಮುಖ ಪ್ರೋಗ್ರಾಮಿಂಗ್ ಭಾಷೆಗಳಿಗೂ ಲಭ್ಯವಿರುವುದರಿಂದ, ಅವನ್ನು ಕರೆಯದಿರುವುದು ಬರಿಯ ಅಲಕ್ಷ್ಯ.

ಹುಡುಕಾಟದಲ್ಲಿಯೂ ಇಂತಹ ಗುಪ್ತವಾದ ಭೇದಗಳುಂಟು. ‘ಗೋ’ ಎಂಬುದರ ಓಕಾರಚಿಹ್ನೆಯನ್ನು 3275 ಎಂಬ ಒಂದೇ ಅಂಕೆಯಿಂದ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆ ಎಂಬ ಮೂರು ಅಂಕೆಗಳಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ; ಒಂದು ರೀತಿಯಲ್ಲಿ ದಾಖಲಾದ ಗೋವಿಂದನನ್ನು ಇನ್ನೊಂದು ರೀತಿಯಲ್ಲಿ ಹುಡುಕಿದರೆ ಅವನು ಸಿಗನು. ‘ಸಾಫ್ಟ್‌ವೇರ್’ ಎಂಬುದರಲ್ಲಿ ಟಕಾರಕ್ಕೆ ವಕಾರವು ಒತ್ತಾಗಿ ಸೇರದಂತೆ ನಡುವೆ ನಿಲ್ಲಿಸುವ ಅದೃಶ್ಯಸಂಕೇತವೂ ಇಂತಹದೇ. ಹೋಲಿಸುವುದಕ್ಕೆ ಮೊದಲು ಎರಡೂ ಪಠ್ಯಗಳನ್ನು ಒಂದೇ ನಿಯತರೂಪಕ್ಕೆ ತಂದು, ಹುಡುಕಾಟದ ಮಟ್ಟಿಗೆ ಅದೃಶ್ಯಸಂಕೇತಗಳನ್ನು ಬಿಟ್ಟು ನೋಡಿದರೆ ತೊಂದರೆ ನಿವಾರಣೆಯಾಗುವುದು.

ಅಂಕೆಗಳು ಸರಿಯಾಗಿದ್ದ ಮೇಲೂ ಅವುಗಳನ್ನು ತೆರೆಯ ಮೇಲೆ ಚಿತ್ರಿಸುವ ಕಾರ್ಯ ಉಳಿದಿರುತ್ತದೆ. ಶ್ರೀಕೃಷ್ಣಮೂರ್ತಿಯ ಕೊನೆಯ ಅಕ್ಷರವನ್ನೇ ನೋಡಿರಿ. ಸ್ಮರಣೆಯಲ್ಲಿ ಮೊದಲು ರಕಾರ, ಅನಂತರ ಹಲಂತಚಿಹ್ನೆ, ಆಮೇಲೆ ತಕಾರ, ಕೊನೆಗೆ ಗುಡಿಸು. ತೆರೆಯ ಮೇಲಾದರೋ ಮೊದಲು ‘ತಿ’, ಅದರ ಬಲಕ್ಕೆ ಅರ್ಕಾವೊತ್ತು: ಮೊದಲು ನುಡಿದದ್ದು ಕೊನೆಯಲ್ಲಿ ಕಾಣುವುದು. ಈ ಸ್ಥಾನಪಲ್ಲಟವನ್ನು ಬಲ್ಲ ಅಕ್ಷರವಿನ್ಯಾಸ ಯಂತ್ರಾಂಗವೊಂದು ವಿಂಡೋಸಿನಲ್ಲಿಯೂ, ಹಾರ್ಫ್‌ಬಝ್ ಎಂಬುದು ಲಿನಕ್ಸ್ ಮತ್ತು ಲಿಬ್ರೆಆಫೀಸುಗಳಲ್ಲಿಯೂ ಕೆಲಸ ಮಾಡುತ್ತವೆ. ಕನ್ನಡಕ್ಕೆ ಅಂತಹ ಬೆಂಬಲವೂ ತುಂಗಾ ಎಂಬ ಫಾಂಟೂ ವಿಂಡೋಸಿನಲ್ಲಿ ದೊರೆತದ್ದು 2001ರ ಎಕ್ಸ್‌ಪಿಯಲ್ಲಿ. ಪ್ರೋಗ್ರಾಂ ಬರೆದವನು ಒಂದೊಂದು ಸಂಕೇತವನ್ನೂ ಬಿಡಿಬಿಡಿಯಾಗಿ ಚಿತ್ರಿಸಹೊರಟರೆ, ಗುಡಿಸಿಗೆ ಆಶ್ರಯವಾದ ವ್ಯಂಜನ ತಪ್ಪಿಹೋಗಿ ಅದು ಚುಕ್ಕೆಗಳ ವೃತ್ತವೊಂದರ ಮೇಲೆ ಕುಳಿತು ಕಾಣುತ್ತದೆ. ಇಡಿಯ ಸಾಲನ್ನು ಒಮ್ಮೆಗೇ ಯಂತ್ರಾಂಗಕ್ಕೆ ಒಪ್ಪಿಸುವುದೇ ಇದಕ್ಕೆ ಪರಿಹಾರ. ಸಾಲಿನ ಅಗಲವನ್ನೂ ಅದನ್ನೇ ಕೇಳಿ ತಿಳಿಯಬೇಕು. ಎತ್ತರದ ವಿಷಯದಲ್ಲಿಯೂ ಎಚ್ಚರವಿರಲಿ: ‘ರಾಷ್ಟ್ರ’ ಎಂಬುದರ ಎರಡು ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ, ಇಂಗ್ಲಿಷಿಗೆ ಅಳೆದ ತೆರೆಯ ಬಟನ್ನಿನಲ್ಲಿ ಅವುಗಳ ಪಾದ ಕತ್ತರಿಸಿಹೋಗುತ್ತದೆ.

ಯೂನಿಕೋಡಿಗೆ ಮುಂಚಿನ ಕಡತಗಳ ಸಮಸ್ಯೆ ಇದಕ್ಕಿಂತ ಕಠಿನ. ಪುಣೆಯ ಮಾಡ್ಯುಲರ್ ಇನ್ಫೊಟೆಕ್‌ನ ಶ್ರೀಲಿಪಿ, ಕನ್ನಡ ಗಣಕ ಪರಿಷತ್ತಿನ ನುಡಿ, ಬರಹ ಮೊದಲಾದ ತಂತ್ರಾಂಶಗಳು ಕನ್ನಡದ ಮುದ್ರಣಕ್ಕೆ ಮಾಡಿದ ಉಪಕಾರ ಅಪಾರವಾದುದು. ಅಂದಿನ ಸನ್ನಿವೇಶದಲ್ಲಿ ಅನ್ಯಮಾರ್ಗವಿಲ್ಲದೆ ಆ ಕಾಲದ ಫಾಂಟುಗಳಲ್ಲಿ ಅಕ್ಷರಗಳ ಚೂರುಗಳನ್ನು ಲ್ಯಾಟಿನ್ ಅಕ್ಷರಗಳ ಅಂಕೆಗಳಲ್ಲಿ ಕೂಡಿಸಿ, ಕಣ್ಣಿಗೆ ಕಾಣುವ ಕ್ರಮದಲ್ಲಿಯೇ ದಾಖಲಿಸಲಾಗುತ್ತಿತ್ತು. ಅಂತಹ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವಾಗ, ಅರ್ಕಾವೊತ್ತನ್ನು ಅದರ ಹಿಂದಿನ ಇಡಿಯ ಅಕ್ಷರವನ್ನು ದಾಟಿಸಿ ಮೊದಲಿಗೆ ತರಬೇಕು. ಇದನ್ನು ಮರೆತ ಪರಿವರ್ತಕಗಳು ‘ಕರ್ನಾಟಕ’ವನ್ನು ‘ಕನಾರ್ಟಕ’ವೆಂದೂ ‘ಕಾರ್ಯ’ವನ್ನು ‘ಕಾಯರ್’ ಎಂದೂ ಮಾಡಿರುವುದನ್ನು ಕನ್ನಡ ಓದುವವರೆಲ್ಲ ಕಂಡಿರುತ್ತಾರೆ. ಹಾಗೆ ಕೆಟ್ಟ ಪಠ್ಯವನ್ನು ಒಂದೇ ನಿಯಮದಿಂದ ತಿದ್ದಲು ಹೊರಡುವುದು ಅಪಾಯಕರ; ‘ಯರ್’ ಎಂಬುದನ್ನೆಲ್ಲ ‘ರ್ಯ’ವಾಗಿಸಿದರೆ ಇಂಜಿನಿಯರನೂ ಮೇಯರನೂ ವಿಕಾರಗೊಳ್ಳುವರು. ಮೂಲ ಕಡತ ಉಳಿದಿದ್ದರೆ ಸರಿಯಾದ ಪರಿವರ್ತಕದಿಂದ ಮತ್ತೆ ಪರಿವರ್ತಿಸಬೇಕು. ಉಳಿದಿಲ್ಲವಾದರೆ ಸಂದೇಹಾಸ್ಪದವಾದ ಪದಗಳನ್ನು ಶಬ್ದಕೋಶದೊಡನೆ ತಾಳೆನೋಡಿ ಬೇರ್ಪಡಿಸುವಂತೆ ಪ್ರೋಗ್ರಾಂ ಬರೆದು, ಆ ಪಟ್ಟಿಯನ್ನು ಕನ್ನಡ ಬಲ್ಲ ಒಬ್ಬರ ಕೈಗೆ ತಿದ್ದಲು ಕೊಡಬೇಕು.