ಹತ್ತು ಮನೆಯ ಬುತ್ತಿ

ಎಳ್ಳಮಾವಾಸ್ಯೆಯ ದಿನ ಮಧ್ಯಾಹ್ನ ಕಲಬುರಗಿ, ಬೀದರ್, ವಿಜಯಪುರದ ಕಡೆಯ ಹಳ್ಳಿಗಳಲ್ಲಿ ಯಾರನ್ನಾದರೂ ಹುಡುಕಿಕೊಂಡು ಹೋದರೆ ಬೀಗ ಹಾಕಿದ ಬಾಗಿಲುಗಳೇ ಎದುರಾಗುತ್ತವೆ. ಜನರೆಲ್ಲ ಹೊಲದಲ್ಲಿರುತ್ತಾರೆ. ಹಿಂದೆ ಸಿಂಗರಿಸಿದ ಎತ್ತಿನ ಬಂಡಿಯಲ್ಲಿ ಹೋಗುತ್ತಿದ್ದ ಬುತ್ತಿ ಈಗ ಟ್ರ್ಯಾಕ್ಟರು, ಮೋಟಾರು ಸೈಕಲ್ಲುಗಳ ಮೇಲೆ ಹೋಗುತ್ತದೆ, ಅಷ್ಟೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಕಡುಬು, ಬೀದರಿನ ಕಡೆಯಾದರೆ ಗಡಿಗೆಯ ತುಂಬ ಅಂಬಲಿ. ಪೈರಿಗೆ ಚರಗ ಚೆಲ್ಲಿದ ಮೇಲೆ ಮರದ ನೆರಳಿನಲ್ಲಿ ಗಂಟು ಬಿಚ್ಚುತ್ತಾರೆ. ಪಕ್ಕದ ಹೊಲದವರ ರೊಟ್ಟಿ ಇಲ್ಲಿಗೆ ಬರುತ್ತದೆ, ಇಲ್ಲಿಯ ಹೋಳಿಗೆ ಅಲ್ಲಿಗೆ ಹೋಗುತ್ತದೆ. ಸ್ವಂತ ಹೊಲವಿಲ್ಲದ ಗೆಳೆಯರನ್ನು ಕರೆದುಕೊಂಡು ಹೋಗುವುದೂ ವಾಡಿಕೆ.

ಹೀಗೆ ಒಬ್ಬೊಬ್ಬರೂ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವುದನ್ನು ಈಗ ಪಟ್ಟಣಗಳಲ್ಲಿ 'ಪಾಟ್‌ಲಕ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಈ ಪದ ಹದಿನಾರನೆಯ ಶತಮಾನದಿಂದಲೂ ಇದೆ. ಹೇಳದೆ ಕೇಳದೆ ಬಂದ ಅತಿಥಿಗೆ ಆ ಹೊತ್ತು ಪಾತ್ರೆಯಲ್ಲಿ ಏನಿದೆಯೋ ಅದೇ ಊಟ ಎಂಬುದು ಅದರ ಮೊದಲ ಅರ್ಥವಾಗಿತ್ತು. ಈಗ ದಸರೆ, ದೀಪಾವಳಿ, ಕ್ರಿಸ್ಮಸ್ ರಜೆ ಬಂತೆಂದರೆ ಏಳೆಂಟು ಸಂಸಾರಗಳು ಯಾರದಾದರೂ ಮನೆಯ ತಾರಸಿಯಲ್ಲೋ ಬಡಾವಣೆಯ ಪಾರ್ಕಿನಲ್ಲೋ ಸೇರುತ್ತವೆ. ಹಬ್ಬದ ದಿನ ಒಬ್ಬಳೇ ತಾಯಿ ಬೆಳಗಿನಿಂದ ಒಲೆಯ ಮುಂದೆ ನಿಲ್ಲುವುದು ತಪ್ಪುತ್ತದಾದ್ದರಿಂದ ಇದು ಬಹಳ ಒಳ್ಳೆಯ ಪದ್ಧತಿ.

ಆದರೆ ಹೊಲದ ಬುತ್ತಿಗೂ ತಾರಸಿಯ ಡಬ್ಬಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ತಾರಸಿಗೆ ಬರುವುದು ತರಕಾರಿ ಪಲಾವು, ಪನೀರಿನ ಗೊಜ್ಜು, ತೆಂಗಿನಕಾಯಿ ಚಟ್ನಿ, ಕಸ್ಟರ್ಡ್. ಬೆಳಿಗ್ಗೆ ಏಳಕ್ಕೆ ಮಾಡಿ ಮುಚ್ಚಿಟ್ಟ ಇವು ಎಲೆಗೆ ಬೀಳುವಾಗ ಮಧ್ಯಾಹ್ನ ಒಂದು ಗಂಟೆ. ಈ ಆರು ಗಂಟೆಗಳಲ್ಲಿ ಪಾತ್ರೆಯೊಳಗೆ ಏನು ನಡೆಯುತ್ತದೆ?

ವಿದ್ಯಾರ್ಥಿಗಳು ಇದನ್ನು ಲೆಕ್ಕ ಮಾಡಿ ನೋಡಬಹುದು. ತೇವ, ಆಹಾರ, ಹದವಾದ ಬಿಸಿ ಮೂರೂ ಸಿಕ್ಕಿದರೆ ಅನೇಕ ಬ್ಯಾಕ್ಟೀರಿಯಗಳು ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಆರು ಗಂಟೆಯೆಂದರೆ 18 ಸಲ ಇಮ್ಮಡಿ. ಒಂದೇ ಒಂದು ಬ್ಯಾಕ್ಟೀರಿಯ 2,62,144 ಆಗಿರುತ್ತದೆ! ಅಡುಗೆಯ ಉಷ್ಣತೆ 5ರಿಂದ 60 ಡಿಗ್ರಿ ಸೆಲ್ಷಿಯಸ್ ನಡುವೆ ಇರುವುದು ಅಪಾಯ, ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

'ಬಡಿಸುವ ಮೊದಲು ಮತ್ತೆ ಬಿಸಿ ಮಾಡಿದರಾಯಿತಲ್ಲ' ಎಂದು ತಾಯಂದಿರು ಕೇಳಬಹುದು. ಸಾರು, ಪಲ್ಯಗಳಿಗೆ ಅದು ಸ್ವಲ್ಪ ಮಟ್ಟಿಗೆ ಸರಿ. ಅನ್ನದ ವಿಷಯ ಬೇರೆ. ಅಕ್ಕಿಯಲ್ಲಿ 'ಬ್ಯಾಸಿಲಸ್ ಸೀರಿಯಸ್' ಎಂಬ ಬ್ಯಾಕ್ಟೀರಿಯದ ಬೀಜಾಣುಗಳಿರುವುದು ಸಾಮಾನ್ಯ. ಕುದಿಯುವ ನೀರಿನಲ್ಲೂ ಇವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾಗುತ್ತಲೇ ಎಚ್ಚೆತ್ತು ಬೆಳೆದು ವಿಷವನ್ನು ಉತ್ಪಾದಿಸುತ್ತವೆ. ಆ ವಿಷ ಎಷ್ಟು ಗಟ್ಟಿಯೆಂದರೆ ಕುಕ್ಕರಿನ ಶಾಖಕ್ಕೂ ಜಗ್ಗುವುದಿಲ್ಲ. ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ದೊಡ್ಡವರು ಒಂದು ದಿನದಲ್ಲಿ ಚೇತರಿಸಿಕೊಂಡಾರು, ಪುಟ್ಟ ಮಕ್ಕಳಿಗೂ ವಯಸ್ಸಾದವರಿಗೂ ಅದು ಅಷ್ಟು ಸುಲಭವಲ್ಲ. ವಾಸನೆ, ರುಚಿ ಯಾವುದರಿಂದಲೂ ಈ ವಿಷ ಗೊತ್ತಾಗದು ಎಂಬುದೇ ತೊಂದರೆ.

ಈಗ ಮತ್ತೆ ಹೊಲದ ಬುತ್ತಿಯನ್ನು ಬಿಚ್ಚಿ ನೋಡೋಣ. ಕಟಕ್ ಎನ್ನುವಂತೆ ಒಣಗಿಸಿದ ರೊಟ್ಟಿಯಲ್ಲಿ ಬ್ಯಾಕ್ಟೀರಿಯಕ್ಕೆ ಬೇಕಾದಷ್ಟು ನೀರೇ ಇಲ್ಲ. ಶೇಂಗಾ ಹಿಂಡಿಯೂ ಹಾಗೆಯೇ. ಹೋಳಿಗೆಯ ಹೂರಣದಲ್ಲಿರುವ ಅಲ್ಪಸ್ವಲ್ಪ ನೀರನ್ನು ಬೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಅಂಬಲಿಯಲ್ಲಿ ಹುಳಿಯಿದೆ. ದಕ್ಷಿಣದವರ ಪುಳಿಯೋಗರೆ ಗೊಜ್ಜಿನಲ್ಲಂತೂ ಹುಣಸೆಹಣ್ಣು, ಉಪ್ಪು, ಬೆಲ್ಲ, ಎಣ್ಣೆ ಎಲ್ಲವೂ ಕಾವಲಿಗಿವೆ. ಪ್ರಯಾಣಕ್ಕೆ ಮೊಸರನ್ನ ಕಟ್ಟುವಾಗ ಹಾಲಿನಲ್ಲಿ ಕಲಸಿ ಒಂದು ಚಮಚ ಮಾತ್ರ ಮೊಸರು ಹಾಕುತ್ತಿದ್ದ ಅಜ್ಜಿಗೆ ಲ್ಯಾಕ್ಟಿಕ್ ಆಮ್ಲದ ಹೆಸರು ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಹದವಾಗಿ ಹೆಪ್ಪುಗಟ್ಟಿರುತ್ತದೆ, ಅತಿ ಹುಳಿಯಾಗುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ಯಾರ ಮನೆಯಲ್ಲಿ ಸೇರುತ್ತಾರೋ ಅವರು ಅನ್ನ, ಸಾರು ಎರಡನ್ನು ತಾವೇ ವಹಿಸಿಕೊಳ್ಳುವುದು ಉತ್ತಮ. ಎಲ್ಲರೂ ಬಂದ ಮೇಲೆ ಕುಕ್ಕರ್ ಇಡಲಿ. ಪುಳಿಯೋಗರೆಯವರು ಗೊಜ್ಜನ್ನಷ್ಟೇ ತಂದು ಅಲ್ಲೇ ಕಲಸಲಿ. ದೂರದಿಂದ ಬರುವವರಿಗೆ ರೊಟ್ಟಿ, ಚಪಾತಿ, ಚಟ್ನಿಪುಡಿ, ಉಂಡೆ, ಒಬ್ಬಟ್ಟು. ಕಾಯಿಚಟ್ನಿಯನ್ನು ಹತ್ತಿರದ ಮನೆಯವರು ಕೊನೆಯ ಗಳಿಗೆಯಲ್ಲಿ ರುಬ್ಬಲಿ. ಕೋಸಂಬರಿಯನ್ನು ಮಕ್ಕಳಿಗೆ ಬಿಡಿ, ಆದರೆ ಉಪ್ಪು ಮಾತ್ರ ಬಡಿಸುವ ಮುಂಚೆ. ಮೊದಲೇ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಬಟ್ಟಲಿನ ತಳದಲ್ಲಿ ಕೆರೆ ಕಟ್ಟುತ್ತದೆ. ಪಠ್ಯಪುಸ್ತಕದ 'ಆಸ್ಮಾಸಿಸ್' ಇದೇ! ಅರ್ಧ ಬಟ್ಟಲಿಗೆ ಉಪ್ಪು ಹಾಕಿ, ಅರ್ಧಕ್ಕೆ ಹಾಕದೆ ಒಂದು ಗಂಟೆ ಇಟ್ಟು ನೋಡಲಿ. ಕೈ ತೊಳೆಯದೆ ಹೆಚ್ಚಲು ಕೂರಬಾರದು. ಬೆರಳಿಗೆ ಗಾಯವಾದವರಿಗೆ ಆ ದಿನ ಎಲೆ ಹಾಕುವ ಕೆಲಸ.

ಬಿಸಿಯಾಗಿಯೇ ತರಬೇಕಾದ ಪಲ್ಯವಿದ್ದರೆ ಹಾಟ್‌ಬಾಕ್ಸಿಗೆ ಮೊದಲು ಕುದಿಯುವ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಹೊಗೆಯಾಡುವ ಪಲ್ಯವನ್ನು ಭರ್ತಿ ತುಂಬಬೇಕು. ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಡುವುದಾದರೆ ಅಗಲವಾದ ತಟ್ಟೆಗಳಿಗೆ ಹರವಿ ಆರಿಸಿಕೊಳ್ಳಿ. ಒಂದು ಪಾತ್ರೆಗಿಂತ ಎಲ್ಲ ದಿಕ್ಕಿನಲ್ಲೂ ಎರಡರಷ್ಟು ದೊಡ್ಡದಾದ ಪಾತ್ರೆ ಎಂಟು ಪಟ್ಟು ಹಿಡಿಸುತ್ತದೆ, ಆದರೆ ಶಾಖ ಬಿಟ್ಟುಕೊಡುವ ಮೇಲ್ಮೈ ನಾಲ್ಕೇ ಪಟ್ಟು. ದೊಡ್ಡ ಪಾತ್ರೆಯ ನಡುಭಾಗ ರಾತ್ರಿಯೆಲ್ಲ ಉಗುರುಬೆಚ್ಚಗೇ ಉಳಿಯುವುದು ಇದರಿಂದ.

ಎಷ್ಟು ತರಬೇಕೆಂಬುದರಲ್ಲೂ ಲೆಕ್ಕ ತಪ್ಪುವವರೇ ಹೆಚ್ಚು. ಎಂಟು ಮನೆ, ಮೂವತ್ತು ಜನ ಎಂದುಕೊಳ್ಳಿ. ತಲೆಗೆ ಅರ್ಧ ಕೆ.ಜಿ. ಊಟವೆಂದರೆ ಒಟ್ಟು 15 ಕೆ.ಜಿ. ಸಾಕು, ಮನೆಗೆ ಎರಡು ಕೆ.ಜಿ.ಗೂ ಕಡಿಮೆ. ಪ್ರತಿ ಮನೆಯೂ ಮರ್ಯಾದೆಗೆ ಅಂಜಿ ಮೂವತ್ತು ಜನಕ್ಕೂ ತಲಾ 200 ಗ್ರಾಂ ಲೆಕ್ಕದಲ್ಲಿ ತಂದರೆ 48 ಕೆ.ಜಿ. ಸೇರುತ್ತದೆ. ಮೊದಲೇ ಒಂದು ಪಟ್ಟಿ ಬರೆಯದಿದ್ದರೆ ಅದರಲ್ಲಿ ಅರ್ಧ ಕೇಸರಿಬಾತೇ ಆಗಿರುತ್ತದೆ.

ಪಟ್ಟಿ ಬರೆಯುವಾಗ ಇನ್ನೊಂದನ್ನು ಗಮನಿಸಬೇಕು. 'ನಾವು ಬಾಳೆಹಣ್ಣು ತರ್ತೀವಿ ಬಿಡಿ' ಎನ್ನುವ ಒಂದು ಮನೆ ಎಲ್ಲ ಗುಂಪಿನಲ್ಲೂ ಇರುತ್ತದೆ. ಕೆಲವೊಮ್ಮೆ ಅದು ಬಿಡುವಿಲ್ಲದ್ದಕ್ಕೆ. ಎಷ್ಟೋ ಸಲ, ತಮ್ಮ ಮನೆಯ ಅಡುಗೆಯನ್ನು ಉಳಿದವರು ಮುಟ್ಟುತ್ತಾರೋ ಇಲ್ಲವೋ ಎಂಬ ಅಳುಕಿಗೆ. ಈ ಅಳುಕು ಎಲ್ಲಿಂದ ಬರುತ್ತದೆ ಎಂಬುದು ನಮ್ಮ ಸಮಾಜದಲ್ಲಿ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಮಕ್ಕಳಿಗೂ ಅದು ಬೇಗ ತಿಳಿದುಬಿಡುತ್ತದೆ. ಕರೆಯುವವರು ಆ ಮನೆಗೇ ಹೋಗಿ, 'ಅಮ್ಮಾ, ನಿಮ್ಮ ಮನೆಯ ಹುಚ್ಚೆಳ್ಳು ಚಟ್ನಿಪುಡಿ ಬೇಕೇ ಬೇಕು' ಎಂದು ಹೆಸರು ಹಿಡಿದು ಕೇಳಬೇಕು. ಊಟದ ದಿನ ಮೊದಲು ತಾವೇ ಬಡಿಸಿಕೊಳ್ಳಬೇಕು.

ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿಯಿರಲಿ: ಶೇಂಗಾ ಇದೆಯೇ, ಹಾಲಿದೆಯೇ, ಮೊಟ್ಟೆಯಿದೆಯೇ? ಶೇಂಗಾ ಒಗ್ಗದ ಮಗುವಿಗೆ ಇದು ಪ್ರಾಣದ ಪ್ರಶ್ನೆ. ಒಂದೊಂದು ಪಾತ್ರೆಗೂ ಅದರದೇ ಸೌಟು. ಮಾಂಸದ ಅಡುಗೆಯಿದ್ದರೆ ಅದಕ್ಕೆ ಬೇರೆ ಮೇಜು, ಯಾರ ಮನಸ್ಸೂ ನೋಯದು.

ಉಳಿದದ್ದನ್ನು ಹಂಚಿಕೊಂಡು ಹೋಗುವಾಗ ರೊಟ್ಟಿ, ಉಂಡೆ, ಚಟ್ನಿಪುಡಿ, ಗೊಜ್ಜು ಯಾರ ಮನೆಗೆ ಬೇಕಾದರೂ ಹೋಗಲಿ. ಎರಡು ಗಂಟೆ ಹೊರಗಿದ್ದ ಪಲಾವು, ಕಾಯಿಚಟ್ನಿ, ಕಸ್ಟರ್ಡುಗಳನ್ನು ಮಾತ್ರ ಡಬ್ಬಿಗೆ ತುಂಬಬೇಡಿ, ಕೆಲಸದವರಿಗೂ ಕೊಡಬೇಡಿ.