‘ಫ್ಲಡ್‌ಲೈಟ್’ ಮತ್ತು ‘ಹೊನಲು ಬೆಳಕು’: ಅರ್ಥ, ರೂಪ, ಪ್ರಯೋಗ

ಇಂಗ್ಲಿಷಿನ ‘ಫ್ಲಡ್‌ಲೈಟ್’ ಪದಕ್ಕೆ ಕನ್ನಡದಲ್ಲಿ ‘ಹೊನಲು ಬೆಳಕು’ ಸಮಾನಪದವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಪೂರ್ವಪದಕ್ಕೆ ಪೂರ್ವಪದ, ಉತ್ತರಪದಕ್ಕೆ ಉತ್ತರಪದ ಎಂಬಂತೆ ಹೊಂದಿಸಿದ ಈ ಸಮಾಸವು ಅನುವಾದಿತ ಎರವಲಿನ ಸರಳ ನಿದರ್ಶನದಂತೆ ಕಾಣುತ್ತದೆ. ಆದರೆ ವಾಕ್ಯದಲ್ಲಿ ಇವೆರಡರ ವರ್ತನೆ ಒಂದೇ ಬಗೆಯದಲ್ಲ. ಇಂಗ್ಲಿಷ್ ಪದದ ಅರ್ಥದಲ್ಲಿ ಒಂದು ಪಾಲು ಮಾತ್ರ ಕನ್ನಡ ಸಮಾಸಕ್ಕೆ ಬಂದಿದೆ, ಉಳಿದ ಪಾಲು ಎರವಲು ಪದದಲ್ಲಿಯೇ ನಿಂತಿದೆ ಎಂಬುದು ಈ ಲೇಖನದ ವಾದ.

ಮೊದಲು ಇಂಗ್ಲಿಷ್ ಪದದ ಅರ್ಥ. ‘ಫ್ಲಡ್’ ಇಲ್ಲಿ ಬೆಳಕಿನ ಪ್ರಖರತೆಯನ್ನಲ್ಲ, ಅದರ ಹರಹನ್ನು ಸೂಚಿಸುತ್ತದೆ. ‘ಸ್ಪಾಟ್‌ಲೈಟ್’ ಕಿರಿದಾದ ಒಂದು ವೃತ್ತವನ್ನು ಬೆಳಗಿ ಉಳಿದುದನ್ನು ಕತ್ತಲಲ್ಲಿಡುತ್ತದೆ. ಫ್ಲಡ್‌ಲೈಟ್ ಇಡೀ ಮೈದಾನವನ್ನೋ ಕಟ್ಟಡದ ಮುಂಭಾಗವನ್ನೋ ಸಮವಾಗಿ ಆವರಿಸುತ್ತದೆ. ಎರಡೂ ಅಷ್ಟೇ ಪ್ರಖರವಾಗಿರಬಹುದು. ಪದವು ಮುಖ್ಯವಾಗಿ ಎಣಿಕೆಗೆ ಸಿಗುವ ನಾಮ: ಅದು ದೀಪವೆಂಬ ಉಪಕರಣದ ಹೆಸರು, ಬಹುವಚನವನ್ನು ಸಹಜವಾಗಿ ಪಡೆಯುತ್ತದೆ.

ಇದೇ ಪದ ಕ್ರಿಯಾಪದವಾದಾಗ ಭೂತರೂಪದಲ್ಲಿ ಒಂದು ಕುತೂಹಲಕರ ಸಂಗತಿ ಎದುರಾಗುತ್ತದೆ. ನಾಮದಿಂದ ಹುಟ್ಟಿದ ಕ್ರಿಯಾಪದವು, ಅದರೊಳಗೆ ಅನಿಯತ ಧಾತುವಿನ ಸದ್ದಿದ್ದರೂ, ನಿಯತ ಭೂತರೂಪವನ್ನೇ ಪಡೆಯುತ್ತದೆಂಬುದನ್ನು ಕಿಮ್, ಪಿಂಕರ್ ಮತ್ತಿತರರು 1991ರ ತಮ್ಮ ಪ್ರಬಂಧದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ‘ಹೈಲೈಟ್’ ಈ ನಿಯಮಕ್ಕೆ ಒಪ್ಪುತ್ತದೆ: ‘ಹೈಲೈಟೆಡ್’ ಸರಿ, ‘*ಹೈಲಿಟ್’ ಇಲ್ಲ. ಆದರೆ ‘ಫ್ಲಡ್‌ಲೈಟೆಡ್’ ಸಾಧ್ಯವಿದ್ದರೂ ಬಳಕೆಯಲ್ಲಿ ಮೇಲುಗೈ ‘ಫ್ಲಡ್‌ಲಿಟ್’ ರೂಪದ್ದೇ. ನಿಯಮ ಮುರಿಯಿತೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ‘ಮೂನ್‌ಲಿಟ್’, ‘ಸನ್‌ಲಿಟ್’ ಎಂಬ ಹಳೆಯ ವಿಶೇಷಣಗಳ ಸಾಲಿನಲ್ಲಿ, ‘ಇಂಥದರಿಂದ ಬೆಳಗಿದ’ ಎಂಬ ಅರ್ಥದಲ್ಲಿ, ‘ಫ್ಲಡ್‌ಲಿಟ್’ ನೇರವಾಗಿ ಕೃದಂತ ಸಮಾಸವಾಗಿ ರೂಪುಗೊಂಡಿರಬೇಕು. ಕ್ರಿಯಾಪದದ ಭೂತರೂಪದ ಸ್ಥಾನವನ್ನು ಅದು ಆಮೇಲೆ ಆಕ್ರಮಿಸಿದಂತಿದೆ. ‘ಹೈಲೈಟ್’ ಎಂಬುದರಲ್ಲಿ ಬೆಳಗುವ ಸಾಧನದ ಅರ್ಥವಿಲ್ಲವಾದ್ದರಿಂದ ಅದಕ್ಕೆ ಈ ದಾರಿ ತೆರೆಯಲಿಲ್ಲ.

ಇನ್ನು ಕನ್ನಡ. ‘ಹೊನಲು’ ಹಳಗನ್ನಡದ ‘ಪೊನಲ್’. ಪಕಾರವು ಹಕಾರವಾಗಿ, ವ್ಯಂಜನಾಂತ್ಯಕ್ಕೆ ಉಕಾರ ಸೇರಿ ಇಂದಿನ ರೂಪ ಬಂದಿದೆ. ತಮಿಳಿನ ‘ಪುನಲ್’ ಇದರ ಜ್ಞಾತಿಪದ. ಮುಂದಿನ ಅಕ್ಷರದಲ್ಲಿ ಅಕಾರವಿರುವಾಗ ತಮಿಳಿನ ಉಕಾರಕ್ಕೆ ಕನ್ನಡದಲ್ಲಿ ಒಕಾರ ಬರುವುದು ನಿಯತ ಸಂವಾದ. (ಸದ್ದಿನ ಸಾಮ್ಯದಿಂದ ‘ಹೊನ್ನು’ ನೆನಪಾಗಬಹುದು, ವ್ಯುತ್ಪತ್ತಿಯಲ್ಲಿ ನಂಟಿಲ್ಲ.) ಆದರೆ ‘ಹೊನಲು’ ಎಂದರೆ ಹರಿವು, ತೊರೆ. ಊರು ಮುಳುಗಿಸುವ ‘ಫ್ಲಡ್’ಗೆ ನಮ್ಮಲ್ಲಿ ‘ನೆರೆ’, ‘ಪ್ರವಾಹ’ ಎಂಬ ಪದಗಳಿವೆ. ಇವನ್ನು ಬಿಟ್ಟು ಆಡುಮಾತಿನಿಂದ ಬಹುಮಟ್ಟಿಗೆ ಮರೆಯಾದ ಪದವೊಂದನ್ನು ಆರಿಸಿದ್ದು ಉಚಿತವೇ ಆಯಿತು: ನೆರೆಯ ಹಾನಿಯ ನೆನಪು ಸಮಾಸಕ್ಕೆ ಅಂಟಲಿಲ್ಲ.

ಪ್ರಯೋಗದಲ್ಲಿ ಈ ಸಮಾಸ ಹೆಚ್ಚಾಗಿ ಷಷ್ಠಿಯಲ್ಲಿ, ವಿಶೇಷಣದ ಸ್ಥಾನದಲ್ಲಿ ಸಿಗುತ್ತದೆ: ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’, ‘ಹೊನಲು ಬೆಳಕಿನ ವಾಲಿಬಾಲ್ ಪಂದ್ಯ’, ಕರಾವಳಿಯಲ್ಲಿ ‘ಹೊನಲು ಬೆಳಕಿನ ಜೋಡುಕರೆ ಕಂಬಳ’. ಸಪ್ತಮಿಯಲ್ಲಿ ‘ಹೊನಲು ಬೆಳಕಿನಲ್ಲಿ’ ಎಂಬುದೂ ಉಂಟು. ಆದರೆ ‘*ಮೈದಾನದಲ್ಲಿ ನಾಲ್ಕು ಹೊನಲು ಬೆಳಕುಗಳಿವೆ’ ಎಂಬ ವಾಕ್ಯ ಕಿವಿಗೆ ಒಗ್ಗದು. ‘*ಹೊನಲು ಬೆಳಕು ಕೆಟ್ಟುಹೋಯಿತು’ ಎಂಬುದೂ ಹಾಗೆಯೇ, ಕೆಡುವುದು ‘ಫ್ಲಡ್‌ಲೈಟ್’. ಕಂಬಕ್ಕೆ ಹತ್ತಿ ಕಟ್ಟುವವರು ಕಟ್ಟುವುದೂ ಅದನ್ನೇ. ಉಪಕರಣದ ಕಡೆಗೆ ಹೊರಳಬೇಕಾದಾಗ ಬರಹದ ಕನ್ನಡವು ‘ಹೊನಲು ಬೆಳಕಿನ ವ್ಯವಸ್ಥೆ’ ಎಂದು ಇನ್ನೊಂದು ನಾಮದ ಆಸರೆ ಪಡೆಯುತ್ತದೆ. ಹೀಗೆ ಸಮಾಸವು ವಸ್ತುವಾಚಕವಾಗಿ ಉಳಿಯದೆ, ಆಟ ನಡೆಯುವ ಬಗೆಯನ್ನು, ವಾಸ್ತವವಾಗಿ ಅದರ ಹೊತ್ತನ್ನು, ಹೇಳುವ ಪದವಾಗಿದೆ. ಭಿತ್ತಿಪತ್ರ ಓದುವವನಿಗೆ ಅದು ತಿಳಿಸುವುದು ಪಂದ್ಯ ರಾತ್ರಿಯದು ಎಂಬುದನ್ನು.

ಕ್ರಿಕೆಟ್ಟಿನ ವರದಿಗಳೊಡನೆ ಹೋಲಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಂತಹ ಪಂದ್ಯಕ್ಕೆ ‘ಹಗಲು–ರಾತ್ರಿ ಪಂದ್ಯ’ ಎಂಬ ಮತ್ತೊಂದು ಅನುವಾದಿತ ಎರವಲು ರೂಢವಾಗಿದೆ. ಕಾಲವನ್ನು ನೇರವಾಗಿ ಹೇಳುವ ಪದ ಅಲ್ಲಿ ದೊರೆತದ್ದರಿಂದ ‘ಹೊನಲು ಬೆಳಕಿನ’ ಎಂಬುದಕ್ಕೆ ಕೆಲಸ ಕಡಿಮೆ. ಸಂಜೆಯ ಮೇಲೆ ತೊಡಗಿ ಬೆಳಗಿನ ಜಾವದವರೆಗೂ ಸಾಗುವ ಊರಿನ ಪಂದ್ಯಾವಳಿಗಳಲ್ಲಿ ಅದು ಗಟ್ಟಿಯಾಗಿ ಬೇರೂರಿದೆ.

ನಿಘಂಟುಕಾರರಿಗೂ ಅನುವಾದಕರಿಗೂ ಇದು ನೇರವಾಗಿ ಸಂಬಂಧಿಸಿದ ಪ್ರಶ್ನೆ. ‘ಫ್ಲಡ್‌ಲೈಟ್’ ಎಂಬ ಉಲ್ಲೇಖಕ್ಕೆ ‘ಹೊನಲು ಬೆಳಕು’ ಎಂದಷ್ಟೇ ಕೊಟ್ಟರೆ, ನಂಬಿದ ಅನುವಾದಕ ಮೇಲಿನ ನಕ್ಷತ್ರಾಂಕಿತ ವಾಕ್ಯಗಳನ್ನೇ ಬರೆದಾನು. ಉಪಕರಣದ ಅರ್ಥಕ್ಕೆ ‘ಫ್ಲಡ್‌ಲೈಟ್’ ಎಂಬ ಎರವಲನ್ನೇ ಕನ್ನಡ ಪದವಾಗಿ ಅಂಗೀಕರಿಸಿ, ವಿಶೇಷಣದ ಅರ್ಥಕ್ಕೆ ‘ಹೊನಲು ಬೆಳಕಿನ’ ಎಂಬ ಷಷ್ಠೀರೂಪವನ್ನು ಪ್ರತ್ಯೇಕವಾಗಿ, ಉದಾಹರಣೆಸಹಿತ ನಮೂದಿಸುವುದು ಯುಕ್ತ.